ಕರಣೆ, ಮಟ್ಟ ಮತ್ತು ಮಾತು: ಗಡಿನಾಡಿನಲ್ಲಿ ಕಟ್ಟಡ ವೃತ್ತಿಗಳ ಶಿಕ್ಷಣ

ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ರಾಜ್ಯಗಳ ಪುನರ್ವಿಂಗಡಣೆಯಾದ 1956ರಲ್ಲಿ ಏಳನೆಯ ತಿದ್ದುಪಡಿಯ ಮೂಲಕ ಸೇರಿದ ಈ ವಿಧಿಯನ್ನು ನೆಚ್ಚಿಕೊಂಡೇ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಜತ್ತ, ರಾಯದುರ್ಗ, ಮಡಕಶಿರಾಗಳ ಕನ್ನಡ ಶಾಲೆಗಳ ಪರವಾಗಿ ನಾವು ವಾದಿಸುತ್ತ ಬಂದಿದ್ದೇವೆ. ಆದರೆ ವಿಧಿಯ ಮಾತು ‘ಪ್ರಾಥಮಿಕ ಹಂತ’ ಎಂಬಲ್ಲಿಗೆ ನಿಲ್ಲುತ್ತದೆ. ಕೈಕಸುಬಿನ ಔಪಚಾರಿಕ ಶಿಕ್ಷಣವಾದರೋ ಎಂಟನೆಯ ಅಥವಾ ಹತ್ತನೆಯ ತರಗತಿ ಮುಗಿದ ಮೇಲೆ ಆರಂಭವಾಗುತ್ತದೆ. ಒಂದರ ಕೊನೆಗೂ ಇನ್ನೊಂದರ ಮೊದಲಿಗೂ ನಡುವೆ ಇರುವ ಈ ತೆರಪಿನಲ್ಲಿ ಗಡಿನಾಡಿನ ಕನ್ನಡ ವಿದ್ಯಾರ್ಥಿಗೆ ಯಾವ ಭಾಷಾ ರಕ್ಷಣೆಯೂ ಇಲ್ಲ.

ಈ ಕೊರತೆ ಹೆಚ್ಚು ಎದ್ದು ಕಾಣುವುದು ಕಟ್ಟಡ ನಿರ್ಮಾಣದ ವೃತ್ತಿಗಳಲ್ಲಿ. ಮಳೆ ಕೈಕೊಟ್ಟ ವರ್ಷ ಜತ್ತ ಸೀಮೆಯಿಂದ ಹೊರಡುವ ಕುಟುಂಬ, ಪಶ್ಚಿಮ ತೆಲಂಗಾಣದ ನಾರಾಯಣಪೇಟೆ, ಮಕ್ತಲ್ ಕಡೆಯಿಂದ ನಗರ ಸೇರುವ ಕೂಲಿಕಾರ, ಗೋವೆಯ ಕಟ್ಟಡಗಳಲ್ಲಿ ದುಡಿಯುವ ಕನ್ನಡಿಗ, ಇವರೆಲ್ಲರಿಗೂ ಮೊದಲು ಸಿಗುವ ಕೆಲಸ ಕಲ್ಲು, ಇಟ್ಟಿಗೆ, ಕಾಂಕ್ರೀಟು ಹೊರುವುದು. ಹಳೆಯ ಮಹಬೂಬನಗರ ಜಿಲ್ಲೆಯ ಜನರ ಈ ವಲಸೆಗೆ ‘ಪಾಲಮೂರು ಕೂಲಿ’ ಎಂಬ ಹೆಸರೇ ಬಿದ್ದಿದೆ. ಅಂಥ ಕೆಲಸಗಾರ ಅಕುಶಲ ಕೂಲಿಯಾಗಿಯೇ ಉಳಿಯುತ್ತಾನೆಯೋ ಕುಶಲ ಕೆಲಸಗಾರನೆಂಬ ಮನ್ನಣೆ ಪಡೆಯುತ್ತಾನೆಯೋ ಎಂಬುದು ಅವನ ಕೈಚಳಕವೊಂದನ್ನೇ ಅವಲಂಬಿಸಿಲ್ಲ. ತರಬೇತಿಯ ಬಾಗಿಲಲ್ಲಿ ಯಾವ ಭಾಷೆ ನಿಂತಿದೆ ಎಂಬುದನ್ನೂ ಅವಲಂಬಿಸಿದೆ. ಈ ಬಾಗಿಲನ್ನು ತೆರೆಯಲು ‘ಸಮುದಾಯ ಕಾಲೇಜು’ ಎಂಬ ವ್ಯವಸ್ಥೆ ಹೇಗೆ ನೆರವಾಗಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಸಮುದಾಯ ಕಾಲೇಜು ಎಂದರೇನು?

ಈ ಕಲ್ಪನೆ ಅಮೆರಿಕದಲ್ಲಿ ಹುಟ್ಟಿದ್ದು. ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯಟ್ ಜೂನಿಯರ್ ಕಾಲೇಜನ್ನು ಅಲ್ಲಿನ ಸಾರ್ವಜನಿಕ ಸಮುದಾಯ ಕಾಲೇಜುಗಳ ಮೊದಲ ಮಾದರಿಯೆಂದು ಎಣಿಸುತ್ತಾರೆ. ಊರಿನವರಿಗೆ ಊರಿನಲ್ಲಿಯೇ, ಕಡಿಮೆ ಶುಲ್ಕದಲ್ಲಿ, ಎರಡು ವರ್ಷಗಳೊಳಗೆ ಬದುಕಿಗೆ ಒದಗುವ ವಿದ್ಯೆ ಕೊಡುವುದು ಅದರ ತಿರುಳು. ಕಟ್ಟಡ ವೃತ್ತಿಗಳ ಮಟ್ಟಿಗೆ ಇದು ಶಿಶಿಕ್ಷು ಪದ್ಧತಿಯೊಂದಿಗೆ, ಎಂದರೆ ಅಪ್ರೆಂಟಿಸ್‌ಶಿಪ್‌ನೊಂದಿಗೆ ಕೂಡಿಕೊಂಡಿತು. 1937ರ ರಾಷ್ಟ್ರೀಯ ಶಿಶಿಕ್ಷು ಕಾಯ್ದೆಯ ನೆಲೆಯಲ್ಲಿ ಬೆಳೆದ ಅಲ್ಲಿನ ವ್ಯವಸ್ಥೆಯಲ್ಲಿ ಬಡಗಿ, ಕೊಳಾಯಿ ಕೆಲಸಗಾರ, ವಿದ್ಯುತ್ ಕೆಲಸಗಾರ ಮೊದಲಾದವರು ವರ್ಷಕ್ಕೆ ಸುಮಾರು 2000 ಗಂಟೆ ಕೂಲಿ ಪಡೆಯುತ್ತ ಕೆಲಸ ಕಲಿಯುತ್ತಾರೆ. ಅದರೊಡನೆ ವರ್ಷಕ್ಕೆ 144 ಗಂಟೆಯಷ್ಟಾದರೂ ತರಗತಿಯ ಪಾಠ ಇರಬೇಕೆಂಬುದು ರೂಢಿ. ಆ ಪಾಠವನ್ನು ಅನೇಕ ಕಡೆ ಸಮುದಾಯ ಕಾಲೇಜು ಹೇಳಿಕೊಡುತ್ತದೆ. ದುಡಿಮೆ ಬಿಟ್ಟು ಶಾಲೆಗೆ ಬರಬೇಕಾಗಿಲ್ಲ ಎಂಬುದೇ ಈ ಏರ್ಪಾಡಿನ ದೊಡ್ಡ ಗುಣ.

ಭಾರತದಲ್ಲಿ ಪಾಂಡಿಚೇರಿ ವಿಶ್ವವಿದ್ಯಾಲಯವು 1995ರಲ್ಲಿಯೂ ಅದರ ಮರುವರ್ಷ ಮದರಾಸಿನ ಒಂದು ಸಂಸ್ಥೆಯೂ ಸಮುದಾಯ ಕಾಲೇಜನ್ನು ಆರಂಭಿಸಿದವು. ಶಾಲೆ ಬಿಟ್ಟವರನ್ನು, ಬಡವರನ್ನು, ಕಾಲೇಜಿನ ಮೆಟ್ಟಿಲು ಹತ್ತದವರನ್ನು ಕೈಹಿಡಿಯುವುದು ಈ ಚಳವಳಿಯ ಗುರಿಯಾಗಿತ್ತು. ಮುಂದೆ 2013ರ ಸುಮಾರಿಗೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಇದನ್ನು ಯೋಜನೆಯಾಗಿ ಕೈಗೆತ್ತಿಕೊಂಡಿತು. ಅದೇ ವರ್ಷ ಹೊರಬಂದ ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು, ಕೈಕೆಲಸದ ಕಲಿಕೆಯನ್ನೂ ಪದವಿಯ ಓದನ್ನೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಜೋಡಿಸುವ ಪ್ರಯತ್ನ ಮಾಡಿತು. ಪ್ರಮಾಣಪತ್ರ ಪಡೆದು ಕೆಲಸಕ್ಕೆ ಹೋದವನು ಮತ್ತೆ ಬಂದು ಡಿಪ್ಲೊಮಾಕ್ಕೆ ಸೇರಬಹುದು ಎಂಬುದು ಆ ಏಣಿಯ ಆಶಯ.

ನಮ್ಮಲ್ಲಿರುವ ದಾರಿಗಳು

ಕಟ್ಟಡ ಕೆಲಸವನ್ನು ವಿಧಿವತ್ತಾಗಿ ಕಲಿಯಲು ಇಂದು ಮೂರು ಮುಖ್ಯ ದಾರಿಗಳಿವೆ.

ಮೊದಲನೆಯದು ಕೈಗಾರಿಕಾ ತರಬೇತಿ ಸಂಸ್ಥೆ, ಜನರ ಬಾಯಲ್ಲಿ ಐಟಿಐ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಅಡಿಯಲ್ಲಿ ಇವು ನಡೆಯುತ್ತವೆ. ಗಾರೆ ಕೆಲಸದ ತರಬೇತಿ ಒಂದು ವರ್ಷದ್ದು; ಎಂಟನೆಯ ತರಗತಿ ಮುಗಿಸಿದವರಿಗೂ ಅದರಲ್ಲಿ ಎಡೆಯುಂಟು. ವಿದ್ಯುತ್ ಕೆಲಸ ಮತ್ತು ಕಟ್ಟಡ ನಕ್ಷೆ ರಚನೆಯ ತರಬೇತಿಗಳು ಎರಡು ವರ್ಷದವು. ಹತ್ತನೆಯ ತರಗತಿಯ ಉತ್ತೀರ್ಣತೆ ಬೇಕು. ಎರಡನೆಯದು 1961ರ ಶಿಶಿಕ್ಷು ಕಾಯ್ದೆಯಂತೆ ಉದ್ಯಮದಲ್ಲಿಯೇ ಭತ್ಯೆ ಪಡೆದು ಕಲಿಯುವ ದಾರಿ.

ಮೂರನೆಯದು, ಈಗಾಗಲೇ ಕೆಲಸ ಬಲ್ಲವರಿಗಾಗಿ ಇರುವ ‘ಪೂರ್ವ ಕಲಿಕೆಯ ಮಾನ್ಯತೆ’. 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಅಂಗವಾಗಿ ಇದು ಬಳಕೆಗೆ ಬಂತು. ಹತ್ತು ವರ್ಷ ಗೋಡೆ ಕಟ್ಟಿದವನಿಗೆ ಮತ್ತೆ ಗೋಡೆ ಕಟ್ಟುವುದನ್ನು ಕಲಿಸಬೇಕಾಗಿಲ್ಲ. ಅವನು ಬಲ್ಲದ್ದನ್ನು ಪರೀಕ್ಷಿಸಿ, ಕೊರತೆಯಿದ್ದ ಕಡೆ ಅಲ್ಪಾವಧಿಯ ಪಾಠ ಕೊಟ್ಟು, ಪ್ರಮಾಣಪತ್ರ ನೀಡಿದರೆ ಸಾಕು. ಗಡಿನಾಡಿನ ಕೆಲಸಗಾರರಿಗೆ ಮೂರರಲ್ಲಿ ಹೆಚ್ಚು ಹತ್ತಿರವಾದದ್ದು ಈ ದಾರಿಯೇ. ಆದರೆ ಪರೀಕ್ಷಿಸಲು ಬಂದ ಮೌಲ್ಯಮಾಪಕನಿಗೂ ಉತ್ತರಿಸಬೇಕಾದ ಕೆಲಸಗಾರನಿಗೂ ನಡುವೆ ಒಂದು ಸಮಾನ ಭಾಷೆ ಇರಬೇಕು. ಇಲ್ಲವಾದರೆ ಅಳೆಯುವುದು ಅವನ ಕೆಲಸವನ್ನಲ್ಲ, ಅವನ ಮಲಯಾಳವನ್ನೋ ಮರಾಠಿಯನ್ನೋ ಆಗುತ್ತದೆ.

ಪ್ರಮಾಣಪತ್ರದ ಬೆಲೆಯನ್ನು ಹಿಗ್ಗಿಸಿ ಹೇಳಬಾರದು. ಊರಿನಲ್ಲಿ ಮನೆ ಕಟ್ಟಿಸುವವರು ಮೇಸ್ತ್ರಿಯ ಹಿಂದಿನ ಕೆಲಸ ನೋಡುತ್ತಾರೆಯೇ ಹೊರತು ಕಾಗದ ಕೇಳುವುದಿಲ್ಲ. ದೊಡ್ಡ ನಿರ್ಮಾಣ ಸಂಸ್ಥೆ, ಸರಕಾರಿ ಗುತ್ತಿಗೆ, ಕೊಲ್ಲಿ ರಾಷ್ಟ್ರಗಳ ಉದ್ಯೋಗ ಇವುಗಳ ಬಾಗಿಲಲ್ಲಿ ಮಾತ್ರ ಕಾಗದಕ್ಕೆ ತೂಕ ಬರುತ್ತದೆ. ವಿದ್ಯುತ್ ಕೆಲಸಕ್ಕಂತೂ ರಾಜ್ಯದ ಪರವಾನಗಿಯೇ ಬೇಕು. ಕನಿಷ್ಠ ವೇತನದ ಅಧಿಸೂಚನೆಗಳು ಅಕುಶಲ, ಅರೆಕುಶಲ, ಕುಶಲ ಎಂದು ಕೆಲಸಗಾರರನ್ನು ವಿಂಗಡಿಸುತ್ತವೆ. ತಾನು ಯಾವ ವರ್ಗಕ್ಕೆ ಸೇರಿದವನೆಂದು ಕೇಳುವ ಶಕ್ತಿಯನ್ನೂ ಅದೇ ಕಾಗದ ಕೊಡಬಲ್ಲದು.

ಭಾಷೆ ಎಲ್ಲಿ ಅಡ್ಡವಾಗುತ್ತದೆ?

‘ಗೋಡೆ ಕಟ್ಟಲು ಭಾಷೆ ಏಕೆ? ನೋಡಿ ಕಲಿತರಾಯಿತು’ ಎಂಬ ಮಾತಿದೆ. ಅದರಲ್ಲಿ ಅರ್ಧ ಸತ್ಯವಿದೆ. ಮೂಲೆ ಲಂಬವಾಗಿದೆಯೇ ಎಂದು ತಿಳಿಯಲು ಒಂದು ಬದಿಗೆ ಮೂರು ಅಡಿ, ಇನ್ನೊಂದು ಬದಿಗೆ ನಾಲ್ಕು ಅಡಿ ಗುರುತು ಮಾಡಿ, ಎರಡು ಗುರುತುಗಳ ನಡುವೆ ಐದು ಅಡಿ ಬರುತ್ತದೆಯೇ ಎಂದು ಅಳೆಯುವುದನ್ನು ಅಕ್ಷರ ಬಾರದ ಮೇಸ್ತ್ರಿಯೂ ಬಲ್ಲ. ಕೈಯಿಂದ ಕೈಗೆ ಬಂದ ಈ ಜ್ಞಾನವು ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವಾಗಿ ಕಾಣಿಸಿಕೊಂಡಾಗ ಅದೇ ಮೇಸ್ತ್ರಿಯ ಮಗ ತಡವರಿಸುತ್ತಾನೆ. ಅವನಿಗೆ ಅಪರಿಚಿತವಾದದ್ದು ವಿಷಯವಲ್ಲ, ಅದನ್ನು ಹೇಳಿದ ಮಾತು.

ಇನ್ನರ್ಧ ಸತ್ಯ ಬೇರೆಯಾಗಿದೆ. ಕಣ್ಣಿಗೆ ಕಾಣದ, ಮಾತಿನಲ್ಲಿಯೇ ತಿಳಿಯಬೇಕಾದ ಸಂಗತಿಗಳು ಕಾಂಕ್ರೀಟು ಬಂದ ಮೇಲೆ ಹೆಚ್ಚಾದವು. ಕಲ್ಲಿನ ಗೋಡೆ ತಪ್ಪಿದರೆ ಕಣ್ಣಿಗೆ ಕಾಣುತ್ತದೆ; ಕಾಂಕ್ರೀಟು ತಪ್ಪಿದರೆ ಕೂಡಲೇ ಕಾಣುವುದಿಲ್ಲ. ಸಿಮೆಂಟಿಗೆ ನೀರು ಹೆಚ್ಚಾದಷ್ಟೂ ಕಲಸುವುದು ಸುಲಭ, ಆದರೆ ಗಟ್ಟಿತನ ಕಡಿಮೆ. ಕಲಸಿದವನಿಗೆ ಅದರ ಕಾರಣವನ್ನು ಯಾರೂ ಹೇಳದಿದ್ದರೆ ತೋಳಿಗೆ ಹಗುರವಾಗುವಂತೆ ಅವನು ಇನ್ನೊಂದು ಕೊಡ ನೀರು ಸುರಿಯುವುದು ಸಹಜ. ಹಾಕಿದ ಕಾಂಕ್ರೀಟಿಗೆ ಸಾಮಾನ್ಯ ಸಿಮೆಂಟಾದರೆ ಕನಿಷ್ಠ ಏಳು ದಿನ, ಮಿಶ್ರ ಸಿಮೆಂಟಾದರೆ ಅಥವಾ ಒಣ ಸೆಕೆಯ ಹವೆಯಾದರೆ ಹತ್ತು ದಿನ ನೀರುಣಿಸಬೇಕೆಂದು ಭಾರತೀಯ ಮಾನಕ 456 ಹೇಳುತ್ತದೆ. ಸಾಮಾನ್ಯ ಸಿಮೆಂಟು ಬಳಸಿದ ಸ್ಲ್ಯಾಬಿನ ಹರಹು ನಾಲ್ಕೂವರೆ ಮೀಟರಿನೊಳಗಿದ್ದರೆ ಅಡಿಯ ಊರುಗಂಬಗಳನ್ನು ಏಳು ದಿನಕ್ಕೆ ಮೊದಲು, ಅದಕ್ಕೂ ಹೆಚ್ಚಾಗಿದ್ದರೆ ಹದಿನಾಲ್ಕು ದಿನಕ್ಕೆ ಮೊದಲು ತೆಗೆಯಬಾರದೆಂದೂ ಅದು ವಿಧಿಸುತ್ತದೆ. ಈ ಏಳಕ್ಕೂ ಹದಿನಾಲ್ಕಕ್ಕೂ ಇರುವ ವ್ಯತ್ಯಾಸ ಕೆಳಗೆ ನಿಂತವನ ಪ್ರಾಣದ ಪ್ರಶ್ನೆ. ಅದು ಅವನಿಗೆ ಪೂರ್ತಿ ಅರ್ಥವಾಗುವ ಭಾಷೆಯಲ್ಲಿ ಹೇಳಬೇಕಾದ ಮಾತು, ಊಹೆಗೆ ಬಿಡುವ ಮಾತಲ್ಲ.

ಸಾರುವೆಯ ಮೇಲೆ ನಿಂತವರ ಸುರಕ್ಷತೆ, ನಕ್ಷೆಯಲ್ಲಿ ಒಂದಕ್ಕೆ ನೂರರ ಅಳತೆ ಎಂದರೇನು, ಎರಡು ಕಬ್ಬಿಣದ ಸರಳುಗಳು ಕೂಡುವಲ್ಲಿ ಒಂದರ ಮೇಲೊಂದು ಎಷ್ಟುದ್ದ ಹೊಂದಿಕೊಂಡಿರಬೇಕು, ಇವೆಲ್ಲವೂ ಇದೇ ಬಗೆಯವು. ಕೈ ಕಲಿಯುವುದನ್ನು ಕಣ್ಣು ಕಲಿಸುತ್ತದೆ. ‘ಏಕೆ’ ಎಂಬುದನ್ನು ಮಾತು ಕಲಿಸುತ್ತದೆ. ಕೂಲಿಕಾರನನ್ನು ಮೇಸ್ತ್ರಿಯಾಗಿಸುವುದು, ಮೇಸ್ತ್ರಿಯನ್ನು ಮೇಲ್ವಿಚಾರಕನಾಗಿಸುವುದು ಈ ‘ಏಕೆ’ಯೇ.

ಪದಗಳು ಈಗಾಗಲೇ ಕಟ್ಟಿರುವ ಸೇತುವೆ

ಹಾಗಾದರೆ ಗಡಿಯಲ್ಲಿ ಕನ್ನಡದ ತರಬೇತಿಯು ಕೆಲಸಗಾರನನ್ನು ನೆರೆಯ ಭಾಷೆಯಿಂದ ದೂರ ಮಾಡುವುದೇ? ಕಟ್ಟಡ ಕೆಲಸದ ಶಬ್ದಸಂಪತ್ತನ್ನು ನೋಡಿದರೆ ಉತ್ತರ ತದ್ವಿರುದ್ಧವಾಗಿದೆ.

ಮನೆಯ ಬುಡಕ್ಕೆ ಕನ್ನಡದಲ್ಲಿ ಒಂದೇ ಹೆಸರಿಲ್ಲ. ಉತ್ತರದವರು ‘ಪಾಯ’ ಎಂದರೆ ಮರಾಠಿಯ ‘ಪಾಯಾ’ ಅದಕ್ಕೆ ದನಿಗೂಡಿಸುತ್ತದೆ. ‘ಬುನಾದಿ’ ಎಂದರೆ ತೆಲುಗಿನ ‘ಪುನಾದಿ’ ಪಕ್ಕದಲ್ಲಿಯೇ ಇದೆ. ಎರಡಕ್ಕೂ ಪಾರಸಿ ಮೂಲ. ‘ಅಸ್ತಿಭಾರ’ ಎಂದರೆ ತಮಿಳು, ಮಲಯಾಳಗಳ ‘ಅಸ್ತಿವಾರಂ’ ಓಗೊಡುತ್ತದೆ. ಕರಾವಳಿಯ ಮೇಸ್ತ್ರಿ ಇವೆಲ್ಲವನ್ನೂ ಬಿಟ್ಟು ‘ಪಂಚಾಂಗ’ ಎನ್ನುತ್ತಾನೆ. ಕಟ್ಟುವವನ ಹೆಸರೂ ಹೀಗೆಯೇ: ವಿಜಯಪುರ, ಸೊಲ್ಲಾಪುರಗಳ ‘ಗೌಂಡಿ’ ಮರಾಠಿಯ ‘ಗವಂಡಿ’; ಕರಾವಳಿಯ ‘ಮೇಸ್ತ್ರಿ’ ಪೋರ್ಚುಗೀಸಿನಿಂದ ಬಂದು ದಕ್ಷಿಣದ ಭಾಷೆಗಳಲ್ಲೆಲ್ಲ ನೆಲೆಸಿದ ಪದ. ಮೂಲೆಯನ್ನು ಅಳೆಯುವ ಉಪಕರಣ ಕನ್ನಡದಲ್ಲಿ ‘ಮೂಲೆಮಟ್ಟ’, ತಮಿಳಿನಲ್ಲಿ ‘ಮೂಲೈಮಟ್ಟಂ’, ತೆಲುಗಿನಲ್ಲಿ ‘ಮೂಲಮಟ್ಟಂ’. ನಮ್ಮ ‘ತೂಗುಗುಂಡು’ ತಮಿಳಿನ ‘ತೂಕ್ಕುಗುಂಡು’. ಮಲಯಾಳದಲ್ಲಿ ಅದು ‘ತೂಕ್ಕುಕಟ್ಟ’. ಮರಾಠಿಯಲ್ಲಿ ಮಾತ್ರ ‘ಓಳಂಬಾ’. ‘ಸಾರುವೆ’ಗೆ ತಮಿಳಿನಲ್ಲಿ ‘ಸಾರಂ’. ಸೆಂಟ್ರಿಂಗ್, ಸ್ಲ್ಯಾಬ್, ಕ್ಯೂರಿಂಗ್‌ಗಳು ಗಡಿಯ ಎರಡೂ ಬದಿಗೆ ಸಮಾನವಾದ ಇಂಗ್ಲಿಷ್ ಪದಗಳು.

ಭಾಷೆಗಳು ನಕ್ಷೆಯ ಗೆರೆಯಲ್ಲಿ ಬೇರೆಯಾಗುತ್ತವೆ. ಕೆಲಸದ ಜಾಗದಲ್ಲಿ ಕೂಡುತ್ತವೆ. ಈ ಪದಗಳನ್ನು ಬಲ್ಲವನಿಗೆ ರಾಜ್ಯಭಾಷೆಯ ವೃತ್ತಿಪದಗಳನ್ನು ಕಲಿಯುವುದು ಹೆಚ್ಚೆಂದರೆ ಕೆಲವು ವಾರಗಳ ಮಾತು. ಬಲ್ಲ ಪದದಿಂದ ಬಲ್ಲದ ಪದಕ್ಕೆ ಸಾಗುವ ದಾರಿಯನ್ನು ಪಾಠದಲ್ಲಿ ಯಾರೂ ತೋರಿಸದಿದ್ದಾಗ ಮಾತ್ರ ಅದು ಕಷ್ಟವಾಗುತ್ತದೆ.

ಇಲ್ಲಿ ನಾವು ನಮ್ಮ ಕಡೆಗೂ ನೋಡಿಕೊಳ್ಳಬೇಕು. ಬೆಂಗಳೂರಿನಲ್ಲಿ ಸಿದ್ಧವಾದ ಕನ್ನಡ ಪಠ್ಯವನ್ನು ಹಾಗೆಯೇ ತಂದಿಟ್ಟರೆ ಗಡಿನಾಡಿಗೆ ಅದೂ ಪರಕೀಯವಾಗಬಹುದು. ಪಠ್ಯದ ‘ಮರಳು’ ಜತ್ತದಲ್ಲಿ ‘ಉಸುಕು’, ಮಂಜೇಶ್ವರದಲ್ಲಿ ‘ಹೊಯ್ಗೆ’. ಕಾಸರಗೋಡಿನ ಮನೆಗಳು ಕೆಂಪುಕಲ್ಲಿನವು. ತುಳುವಿನಲ್ಲಿಯೂ ಅಲ್ಲಿನ ಕನ್ನಡದಲ್ಲಿಯೂ ಅದು ಮುರಕಲ್ಲು, ಮಲಯಾಳದಲ್ಲಿ ಚೆಂಗಲ್ಲು. 1807ರಲ್ಲಿ ಫ್ರಾನ್ಸಿಸ್ ಬುಕನನ್ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟದ್ದು ಮಲಬಾರಿನಲ್ಲಿ ಕಂಡ ಇಂಥ ಕಲ್ಲನ್ನು ನೋಡಿಯೇ. ಸುಟ್ಟ ಇಟ್ಟಿಗೆಯ ಜೋಡಣೆಯನ್ನಷ್ಟೇ ಕಲಿಸುವ ಪಾಠ, ನೆಲದಿಂದ ಕೊರೆದು ತೆಗೆದು ಗಾಳಿಯಲ್ಲಿ ಗಟ್ಟಿಯಾಗುವ ಈ ಕಲ್ಲಿನ ಊರಿಗೆ ಪೂರ್ತಿ ಒದಗದು.

ಇಂಥ ವೃತ್ತಿಪದಗಳನ್ನು ಊರೂರು ತಿರುಗಿ ಸಂಗ್ರಹಿಸಿದ ಮಾದರಿ ನೆರೆಯ ತೆಲುಗಿನಲ್ಲಿದೆ. ಆಂಧ್ರಪ್ರದೇಶ ಸಾಹಿತ್ಯ ಅಕಾಡೆಮಿಯ ಮಾಂಡಲಿಕ ವೃತ್ತಿಪದಕೋಶದ ಮೊದಲ ಸಂಪುಟ, ಭದ್ರಿರಾಜು ಕೃಷ್ಣಮೂರ್ತಿಯವರು ಸಿದ್ಧಪಡಿಸಿದ ಕೃಷಿಪದಗಳ ಕೋಶ, 1962ರಲ್ಲಿ ಬಂತು. ಮುಂದೆ ಕೈಮಗ್ಗ ಮತ್ತು ಮನೆ ಕಟ್ಟುವ ವೃತ್ತಿಗಳ ಪದಗಳಿಗೂ ಸಂಪುಟಗಳು ಮೀಸಲಾದವು. ಗಡಿನಾಡ ಕನ್ನಡದ ಕಟ್ಟಡ ವೃತ್ತಿಪದಗಳ ಬಹುಭಾಷಾ ಕೋಶವೊಂದು ಸಿದ್ಧವಾದರೆ ಅದು ಭಾಷಾಶಾಸ್ತ್ರಕ್ಕೂ ತರಬೇತಿಯ ಕೋಣೆಗೂ ಏಕಕಾಲಕ್ಕೆ ಸಲ್ಲುವ ಕೃತಿಯಾಗುತ್ತದೆ.

ಹತ್ತಿರದಲ್ಲಿರುವ ನಿದರ್ಶನಗಳು

ಕಟ್ಟಡ ಕೆಲಸ ಕಲಿಸುವ ಸಂಸ್ಥೆಗಳು ನಮ್ಮ ಸೀಮೆಗಳಿಗೆ ತೀರ ದೂರವೇನೂ ಅಲ್ಲ. ಹೈದರಾಬಾದಿನಲ್ಲಿ 1998ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ನಿರ್ಮಾಣ ಅಕಾಡೆಮಿ ಇದೆ. ಲಾರ್ಸೆನ್ ಆ್ಯಂಡ್ ಟೂಬ್ರೊ ಸಂಸ್ಥೆಯು 1995ರಲ್ಲಿ ಚೆನ್ನೈಯಲ್ಲಿ ಆರಂಭಿಸಿದ ನಿರ್ಮಾಣ ಕೌಶಲ ತರಬೇತಿ ಕೇಂದ್ರಗಳ ಸಾಲಿನಲ್ಲಿ ಒಂದು ಪಾಲಮೂರು ಸೀಮೆಯ ಜಡಚರ್ಲದಲ್ಲಿಯೇ ಇದೆ. ಕೂಲಿಗೆ ಹೆಸರಾದ ನೆಲದಲ್ಲಿ ಕೌಶಲದ ಶಾಲೆ ಬಂದಿರುವುದು ಅರ್ಥಪೂರ್ಣ.

ಕೇರಳದ ನಿದರ್ಶನ ಇನ್ನೂ ಕುತೂಹಲಕರ. ವಡಗರದ ಬಳಿ 1925ರಲ್ಲಿ, ಸಮಾಜಸುಧಾರಕ ವಾಗ್ಭಟಾನಂದರ ಪ್ರೇರಣೆಯಿಂದ ಹುಟ್ಟಿದ ಊರಾಳುಂಗಲ್ ಕಾರ್ಮಿಕರ ಗುತ್ತಿಗೆ ಸಹಕಾರ ಸಂಘವು ಕೂಲಿಕಾರರೇ ಒಡೆಯರಾಗಿರುವ ಸಂಸ್ಥೆ. ತಲಪಾಡಿಯಿಂದ ಚೆಂಗಳದವರೆಗೆ 39 ಕಿಲೋಮೀಟರ್ ಉದ್ದದ ರಾಷ್ಟ್ರೀಯ ಹೆದ್ದಾರಿ 66ರ ಅಗಲೀಕರಣವನ್ನು ವಹಿಸಿಕೊಂಡದ್ದು ಇದೇ ಸಂಘ. ಕೊಲ್ಲಂ ಜಿಲ್ಲೆಯ ಚವರದಲ್ಲಿರುವ ಮೂಲಸೌಕರ್ಯ ಮತ್ತು ನಿರ್ಮಾಣ ತರಬೇತಿ ಸಂಸ್ಥೆಯ ನಿರ್ವಹಣೆಯೂ ಅದರ ಕೈಯಲ್ಲಿದೆ. ಕಾಸರಗೋಡಿನ ಕನ್ನಡ ಹಳ್ಳಿಗಳ ಅಂಚಿನಲ್ಲಿಯೇ ಆ ಹೆದ್ದಾರಿ ಹಾದುಹೋಗುತ್ತದೆ. ಅಲ್ಲಿನ ಯುವಕನಿಗೆ ಆ ಬಗೆಯ ಕೆಲಸ ಕಲಿಸುವ ಶಾಲೆ ರಾಜ್ಯದ ಇನ್ನೊಂದು ತುದಿಯಲ್ಲಿದೆ. ದೂರವನ್ನು ರೈಲು ದಾಟಿಸಬಹುದು; ಭಾಷೆಯ ದೂರ ದಾಟಲು ಬೇರೆ ಏರ್ಪಾಡು ಬೇಕು.

ಒಂದು ಹಳೆಯ ನೆನಪೂ ಇಲ್ಲಿ ಪ್ರಸ್ತುತ. ಕಾಸರಗೋಡು ಇನ್ನೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದ ಕಾಲದಲ್ಲಿ, 1865ರಲ್ಲಿ, ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಯಂತ್ರ ಹೊಸದು, ಜೇಡಿ ಊರಿನದು, ಕೈಗಳು ಊರಿನವು. ಹೊರಗಿನ ವಿದ್ಯೆ ಸ್ಥಳೀಯ ಮಣ್ಣಿಗೂ ಮಾತಿಗೂ ಒಗ್ಗಿದಾಗ ಒಂದು ಉದ್ಯಮವೇ ಬೆಳೆಯಿತೆಂಬುದಕ್ಕೆ ಕರಾವಳಿಯ ಮಾಡುಗಳೇ ಸಾಕ್ಷಿ.

ಏನು ಮಾಡಬಹುದು?

ಗಡಿನಾಡಿನ ಸಮುದಾಯ ಕಾಲೇಜಿಗೆ ಹೊಸ ಕಟ್ಟಡವೇ ಬೇಕೆಂದಿಲ್ಲ. ಈಗಿರುವ ಕಾಲೇಜೊಂದರ ಸಂಜೆಯ ತರಗತಿ, ಐಟಿಐಯ ಕಾರ್ಯಾಗಾರ ಮತ್ತು ಊರಿನ ಅನುಭವಿ ಮೇಸ್ತ್ರಿಗಳು, ಈ ಮೂರನ್ನು ಜೋಡಿಸಿದರೆ ಆರಂಭಕ್ಕೆ ಸಾಕು. ಮೊದಲ ತಿಂಗಳುಗಳಲ್ಲಿ ಲೆಕ್ಕ, ನಕ್ಷೆ, ಸುರಕ್ಷತೆಗಳನ್ನು ಕನ್ನಡದಲ್ಲಿ ಕಲಿಸಬೇಕು. ಅದರೊಡನೆಯೇ ರಾಜ್ಯಭಾಷೆಯ ಮತ್ತು ಇಂಗ್ಲಿಷಿನ ವೃತ್ತಿಪದಗಳನ್ನು ಪರಿಚಯಿಸುತ್ತ ಹೋಗಬೇಕು. ಮಂಜೇಶ್ವರದ ಕೆಲಸಗಾರ ನಾಳೆ ಕಣ್ಣೂರಿನಲ್ಲಿಯೂ ದುಡಿಯಬೇಕಾದವನು. ಕನ್ನಡದಲ್ಲಿ ಒಳಬಂದು ಎರಡು ಮೂರು ಭಾಷೆಗಳಲ್ಲಿ ಕೆಲಸ ಮಾಡಬಲ್ಲವನಾಗಿ ಹೊರಹೋಗುವುದು ಅವನಿಗೆ ಹಿತ. ಮೇಸ್ತ್ರಿಗಳನ್ನು ಬೋಧಕರಾಗಿ ಗೌರವಿಸುವುದೂ, ಮಣ್ಣು ಹೊರುವುದಕ್ಕೇ ಸೀಮಿತವಾಗಿರುವ ಹೆಂಗಸರನ್ನು ಕರಣೆಯ ಕೆಲಸಕ್ಕೆ ತರುವುದೂ ಇಂಥ ಕಾಲೇಜಿಗೆ ಸಾಧ್ಯ.

‘ಕೆಲವೇ ವಿದ್ಯಾರ್ಥಿಗಳಿಗಾಗಿ ಬೇರೆ ಪಠ್ಯವೇ?’ ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಶಾಲಾ ಪಠ್ಯಕ್ರಮ ರಾಜ್ಯ ರಾಜ್ಯಕ್ಕೆ ಬೇರೆ. ಐಟಿಐ ಪಠ್ಯಕ್ರಮವಾದರೋ ಇಡೀ ದೇಶಕ್ಕೆ ಒಂದೇ. ಅದರ ಪಠ್ಯಗಳನ್ನು ಸಿದ್ಧಪಡಿಸುವ ರಾಷ್ಟ್ರೀಯ ಬೋಧನಾ ಮಾಧ್ಯಮ ಸಂಸ್ಥೆ 1986ರಿಂದ ಚೆನ್ನೈಯಲ್ಲಿದೆ. ಇಂಗ್ಲಿಷ್, ಹಿಂದಿಗಳಲ್ಲದೆ ಪ್ರಾದೇಶಿಕ ಭಾಷೆಗಳಲ್ಲಿಯೂ ಅದು ಪುಸ್ತಕಗಳನ್ನು ತರುತ್ತದೆ. ಕರ್ನಾಟಕಕ್ಕಾಗಿ ಕನ್ನಡದಲ್ಲಿ ಸಿದ್ಧವಾಗುವ ಯಾವುದೇ ಪಠ್ಯವನ್ನು ಸ್ಥಳೀಯ ಪದಗಳ ಅನುಬಂಧದೊಂದಿಗೆ ಕಾಸರಗೋಡಿನಲ್ಲಿಯೂ ಅಕ್ಕಲಕೋಟೆಯಲ್ಲಿಯೂ ಬಳಸಲು ಪಠ್ಯಕ್ರಮದ ಅಡ್ಡಿಯೇ ಇಲ್ಲ.

ಕಾರ್ಮಿಕ ಕಲ್ಯಾಣದ ವಿಷಯವನ್ನೂ ಈ ಪಾಠದೊಳಗೆ ಸೇರಿಸಬೇಕು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯೊಂದಿಗೆ ಬಂದ ಏರ್ಪಾಡಿನಲ್ಲಿ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ, 18ರಿಂದ 60ರೊಳಗಿನ ವಯಸ್ಸಿನವರು ಕಲ್ಯಾಣ ಮಂಡಳಿಯ ಫಲಾನುಭವಿಯಾಗಿ ಹೆಸರು ನೋಂದಾಯಿಸಬಹುದು. ಮಂಡಳಿಯ ನಿಧಿಗೆ ಹಣ ಬರುವುದು ಕಟ್ಟಡದ ವೆಚ್ಚದ ಮೇಲಿನ ಶೇಕಡಾ 1ರ ಸೆಸ್‌ನಿಂದ. ಅರ್ಜಿಯ ಭಾಷೆ ಓದಲಾಗದೆ ಹೆಸರು ಬರೆಸದವನಿಗೆ ತನ್ನದೇ ದುಡಿಮೆಯಿಂದ ಕೂಡಿದ ನಿಧಿ ತಲುಪುವುದಿಲ್ಲ.

ಸಂವಿಧಾನದ ಮಾತಿನಿಂದ ಆರಂಭವಾದ ವಿಚಾರಕ್ಕೆ ಅಲ್ಲಿಯೇ ಒಂದು ಸಾಧನವೂ ಇದೆ. 350ಎ ವಿಧಿ ಪ್ರಾಥಮಿಕ ಹಂತಕ್ಕೆ ನಿಂತರೂ 350ನೆಯ ವಿಧಿಗೆ ಅಂಥ ಮಿತಿಯಿಲ್ಲ. ಕುಂದುಕೊರತೆಯ ನಿವಾರಣೆಗಾಗಿ ಕೇಂದ್ರದ ಅಥವಾ ರಾಜ್ಯದ ಯಾವುದೇ ಅಧಿಕಾರಿಗೆ, ಆಯಾ ಕಡೆ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಮನವಿ ಸಲ್ಲಿಸುವ ಹಕ್ಕನ್ನು ಅದು ಪ್ರತಿಯೊಬ್ಬನಿಗೂ ಕೊಡುತ್ತದೆ. 350ಬಿ ವಿಧಿಯಂತೆ ಭಾಷಾ ಅಲ್ಪಸಂಖ್ಯಾತರಿಗಾಗಿ ವಿಶೇಷಾಧಿಕಾರಿಯೂ ಇದ್ದಾರೆ. ಇಷ್ಟು ಕಾಲ ನಮ್ಮ ಮನವಿಗಳು ಶಾಲೆ, ಶಿಕ್ಷಕರ ನೇಮಕ, ಪಠ್ಯಪುಸ್ತಕ ಇವುಗಳ ಸುತ್ತ ಇದ್ದವು. ಅವು ಬೇಕು. ಅವುಗಳ ಜತೆಗೆ ಪೂರ್ವ ಕಲಿಕೆಯ ಮೌಲ್ಯಮಾಪನಕ್ಕೆ ಕನ್ನಡ ಬಲ್ಲ ಪರೀಕ್ಷಕರು ಬರಬೇಕು, ತರಬೇತಿಯ ಸುರಕ್ಷತಾ ಪಾಠ ಕನ್ನಡದಲ್ಲಿಯೂ ಇರಬೇಕು ಎಂಬ ಎರಡು ಬೇಡಿಕೆಗಳು ಸೇರಲಿ. ಶಾಲೆ ಮುಗಿದ ಮೇಲೆ ಅನ್ನ ಸಂಪಾದನೆಗೆ ಒದಗುವ ಭಾಷೆಯನ್ನು ತಾಯಿತಂದೆಗಳು ಮಕ್ಕಳಿಗೆ ಕಲಿಸದೆ ಬಿಡುವುದಿಲ್ಲ. ಕನ್ನಡ ಶಾಲೆಯ ಉಳಿವು ಕೂಡ ಆ ದಾರಿಯಲ್ಲಿಯೇ ಇದೆ.